ಹೊಲದಲ್ಲಿ ಚಿನ್ನ ಹುಡುಕಲು 30 ವರ್ಷದ ಕರಾರು ಕೇಳುತ್ತಿದ್ದಾರೆ, ಸಹಿ ಹಾಕಬಹುದೇ?

ಹೊನ್ನಾಳಿ ಬಳಿಯ ನಿಮ್ಮ ಮೆಕ್ಕೆಜೋಳದ ಹೊಲಕ್ಕೆ ಬಂದು ಕರಾರು ಕೇಳುತ್ತಿರುವವರ ಬಳಿ ಬಹುಶಃ ಸರ್ಕಾರದ ಪರವಾನಗಿಯೇ ಇಲ್ಲ. ಆ ಸೀಮೆಯಲ್ಲಿ ಹಿಂದೆ ಚಿನ್ನಕ್ಕಾಗಿ ಅಗೆದದ್ದು ನಿಜ. ಆದರೆ ಚಿನ್ನದ ಶೋಧನೆಗೆ ರೈತನ ಸಹಿ ಸಾಲದು; 1957ರ ಗಣಿ ಕಾಯ್ದೆಯಡಿ ಸರ್ಕಾರವೇ ಅನುಮತಿ ಕೊಡಬೇಕು, ಅದೂ 2015ರ ತಿದ್ದುಪಡಿಯ ನಂತರ ಹರಾಜಿನ ಮೂಲಕ. ಕಾಗದ ನೋಡದೆ ಮೋಸವೆಂದು ನಾನು ಹೇಳಲಾರೆ.

ಮೊದಲು ಪರವಾನಗಿ ಆದೇಶದ ನಕಲು ಕೇಳಿ. ಅದರ ನಕ್ಷೆಯೊಳಗೆ ನಿಮ್ಮ ಸರ್ವೆ ನಂಬರ್ ಬರುತ್ತದೆಯೇ ನೋಡಿ. ನಂತರ ನಕಲು, ಪಹಣಿ ಎರಡನ್ನೂ ಹಿಡಿದು ದಾವಣಗೆರೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಯಲ್ಲಿ ಅರ್ಜಿ ಕೊಟ್ಟು ವಿಚಾರಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನ ಉತ್ತರ ಮುಂದೆ ಉಪಯೋಗಕ್ಕೆ ಬಾರದು.

ಪರವಾನಗಿ ಅಸಲಿಯಾದರೆ ಅವರು ಹೊಲಕ್ಕೆ ಇಳಿಯಬಹುದು, ಆದರೆ ಕಾಯ್ದೆಯ 24ಎ ಕಲಮಿನಂತೆ ನಿಮಗೆ ಪರಿಹಾರ ಕೊಡಬೇಕು. ಮೊತ್ತವನ್ನು ಸರ್ಕಾರದ ಅಧಿಕಾರಿ ನಿಗದಿ ಮಾಡುತ್ತಾರೆ.

ಛಾಪಾ ಕಾಗದವನ್ನು ಸಾಲುಸಾಲಾಗಿ ಓದಿ. ನಮ್ಮ ಕಡೆ ನಾನು ಓದಿದ ಒಂದು ಕರಾರಿನಲ್ಲಿ ಎಲ್ಲ ಪುಟಗಳೂ ‘ಶೋಧನೆ’ ಎನ್ನುತ್ತಿದ್ದವು. ಕೊನೆಯ ಪುಟದ ಅಡಿಯಲ್ಲಿ ಮಾತ್ರ ‘ಜನರಲ್ ಪವರ್ ಆಫ್ ಅಟಾರ್ನಿ’ ಎಂದಿತ್ತು, ಅಂದರೆ ಮಾಲೀಕನ ಪರವಾಗಿ ಜಮೀನಿನ ವ್ಯವಹಾರ ನಡೆಸಲು ಬೇರೆಯವರಿಗೆ ಕೊಡುವ ಅಧಿಕಾರ ಪತ್ರ. ಅಂಥ ಪದವಾಗಲಿ, ‘ಕ್ರಯದ ಕರಾರು’ ಎಂಬುದಾಗಲಿ ಕಂಡರೆ ವಕೀಲರಿಗೆ ತೋರಿಸುವವರೆಗೆ ಸಹಿಯನ್ನೂ ಹಾಕಬೇಡಿ, ಮುಂಗಡವನ್ನೂ ಮುಟ್ಟಬೇಡಿ.