ಕ್ಲೋನ್ ಎಮ್ಮೆಯ ಹಾಲು, ಕ್ಲೋನ್ ಕುರಿಯ ಮಾಂಸ ನಮಗೆ ತಿಳಿಯದಂತೆ ಮಾರಾಟವಾಗುತ್ತಿದೆಯೇ?

ಕ್ಲೋನ್ ಮಾಡಿದ, ಅಂದರೆ ಒಂದು ಪ್ರಾಣಿಯ ಜೀವಕೋಶದಿಂದ ಅದರ ಪ್ರತಿಯಂತೆ ಹುಟ್ಟಿಸಿದ ಪ್ರಾಣಿಗಳ ಹಾಲು, ಮಾಂಸ ನಮ್ಮ ಮಾರುಕಟ್ಟೆಗೆ ಸದ್ದಿಲ್ಲದೆ ಬಂದಿದೆಯೇ, ತಿಂದರೆ ಅಪಾಯವೇ, ಇದಕ್ಕೆ ಕಾನೂನು ಇದೆಯೇ ಎಂದು ಕೇಳಿದ್ದೀರಿ. ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಪಶುವೈದ್ಯನಾಗಿ ದುಡಿದವನು ನಾನು. ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಬಂದಿಲ್ಲ. ನಮ್ಮ ದೇಶದಲ್ಲಿ ಹುಟ್ಟಿರುವ ಕ್ಲೋನ್‌ಗಳು ಹೆಚ್ಚಾಗಿ ಸಂಶೋಧನಾ ಸಂಸ್ಥೆಗಳ ಕೊಟ್ಟಿಗೆಗಳಲ್ಲಿವೆ. ಲಕ್ಷಗಟ್ಟಲೆ ಖರ್ಚು ಮಾಡಿ ಹುಟ್ಟಿಸಿದ ಪ್ರಾಣಿಯನ್ನು ಕಿಲೋ ಲೆಕ್ಕದಲ್ಲಿ ಕೊಯ್ದು ಮಾರುವ ಮೂರ್ಖ ಎಲ್ಲಿಯೂ ಸಿಗುವುದಿಲ್ಲ. ಇನ್ನು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ 'ಕ್ಲೋನ್ ಕೋಳಿ' ಶುದ್ಧ ಕಟ್ಟುಕಥೆ. ಕ್ಲೋನ್ ಮಾಡಲು ಅಂಡಾಣುವಿನಿಂದ ಕೋಶಕೇಂದ್ರವನ್ನು, ಅಂದರೆ ಜೀನುಗಳಿರುವ ಭಾಗವನ್ನು ತೆಗೆಯಬೇಕು. ಕೋಳಿಮೊಟ್ಟೆಯ ಅಷ್ಟು ದೊಡ್ಡ ಹಳದಿಯ ಮೇಲೆ ಅದನ್ನು ಹುಡುಕಿ ತೆಗೆಯುವುದೇ ಆಗದ ಕೆಲಸ. ನೀವು ತಿನ್ನುವ ಬ್ರಾಯ್ಲರ್ ಕೋಳಿ ಬೇಗ ಬೆಳೆಯುವುದು ತಳಿ ಆಯ್ಕೆಯಿಂದ, ಮೇವಿನಿಂದ.

ಕ್ಲೋನ್ ಎಂದರೆ ಕುಲಾಂತರಿ ಅಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಒಳ್ಳೆಯ ಎಮ್ಮೆಯ ಬಾಲದ ಬುಡದಿಂದಲೋ ಕಿವಿಯಿಂದಲೋ ಚಿಟಿಕೆ ಚರ್ಮ ತೆಗೆದು ಅದರ ಜೀವಕೋಶಗಳನ್ನು ಬೆಳೆಸುತ್ತಾರೆ. ಇನ್ನೊಂದು ಎಮ್ಮೆಯ ಅಂಡಾಣುವಿನ ಕೋಶಕೇಂದ್ರವನ್ನು ತೆಗೆದು, ಅಲ್ಲಿಗೆ ಈ ಜೀವಕೋಶವನ್ನು ಸೇರಿಸಿ, ವಿದ್ಯುತ್ತಿನ ಸಣ್ಣ ಆಘಾತ ಕೊಟ್ಟು ಬೆಸೆಯುತ್ತಾರೆ. ಸುಮಾರು ಒಂದು ವಾರ ಪ್ರಯೋಗಾಲಯದಲ್ಲಿ ಬೆಳೆದ ಭ್ರೂಣವನ್ನು ಮೂರನೆಯ ಎಮ್ಮೆಯ ಗರ್ಭಕೋಶದಲ್ಲಿ ಇಡುತ್ತಾರೆ. ಹೊರಗಿನ ಯಾವ ಜೀನನ್ನೂ ಸೇರಿಸುವುದಿಲ್ಲ.

ಈ ಕೆಲಸದಲ್ಲಿ ನಮ್ಮವರು ಹಿಂದೆ ಬಿದ್ದಿಲ್ಲ. ಹರಿಯಾಣದ ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯಲ್ಲಿ 2009ರ ಫೆಬ್ರುವರಿಯಲ್ಲಿ ಮೊದಲ ಕ್ಲೋನ್ ಎಮ್ಮೆಗರು ಹುಟ್ಟಿತು. ಒಂದು ವಾರವೂ ಬದುಕಲಿಲ್ಲ. ಅದೇ ವರ್ಷದ ಜೂನ್‌ನಲ್ಲಿ ಹುಟ್ಟಿದ ಗರಿಮಾ ಎರಡು ವರ್ಷ ಬದುಕಿತು. 2010ರಲ್ಲಿ ಹುಟ್ಟಿದ ಗರಿಮಾ-2 ಬೆಳೆದು, 2013ರ ಜನವರಿಯಲ್ಲಿ ಮಹಿಮಾ ಎಂಬ ಕರುವನ್ನು ಸಹಜವಾಗಿ ಹೆತ್ತಿತು. 2015ರಲ್ಲಿ ಹಿಸಾರ್‌ನಲ್ಲಿ ಮುರ್ರಾ ತಳಿಯ ಕೋಣ 'ಹಿಸಾರ್ ಗೌರವ್' ಹುಟ್ಟಿತು. 2023ರ ಮಾರ್ಚ್‌ನಲ್ಲಿ ಕರ್ನಾಲ್‌ನಲ್ಲಿ ಗಂಗಾ ಎಂಬ ಗಿರ್ ತಳಿಯ ಕರು ಹುಟ್ಟಿತು, ತೂಕ 32 ಕಿಲೋ. ಜೀವಕೋಶ ಗಿರ್ ಹಸುವಿನದು, ಅಂಡಾಣು ಸಾಹಿವಾಲ್ ಹಸುವಿನದು. ಅಂಡಾಣುವಿನ ಮೈಟೊಕಾಂಡ್ರಿಯಾ (ತಮ್ಮದೇ ಒಂದಿಷ್ಟು ಜೀನುಗಳಿರುವ, ಕೋಶದ ಪುಟ್ಟ ಶಕ್ತಿಘಟಕಗಳು) ಕರುವಿಗೆ ಬರುವುದರಿಂದ ಅದು ಮೂಲ ಹಸುವಿನ ತದ್ರೂಪು ಎನ್ನುವುದೂ ಪೂರ್ತಿ ಸರಿಯಲ್ಲ. ಇದೆಲ್ಲದರ ಮುಖ್ಯ ಉದ್ದೇಶ ಕಸಾಯಿಖಾನೆಯಲ್ಲ. ಕೃತಕ ಗರ್ಭಧಾರಣೆಗೆ ಬೇಕಾದ ಉತ್ತಮ ಕೋಣ, ಹೋರಿಗಳ ಕೊರತೆ ನೀಗಬೇಕು, ಅಷ್ಟೇ. ಅಂದರೆ ಹಳ್ಳಿಗೆ ಬಂದರೆ ಕ್ಲೋನ್ ಬರುವುದು ದ್ರವ ಸಾರಜನಕದ ಕ್ಯಾನಿನೊಳಗೆ, ಹೆಪ್ಪುಗಟ್ಟಿಸಿದ ವೀರ್ಯ ತುಂಬಿದ ಕಡ್ಡಿಯಾಗಿ.

ತಿಂದರೆ ಅಪಾಯವೇ ಎಂಬ ಪ್ರಶ್ನೆ ನನ್ನ ಮಟ್ಟಿಗೆ ಹೆಚ್ಚುಕಡಿಮೆ ಮುಗಿದಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2008ರ ಜನವರಿಯಲ್ಲಿ, ಕ್ಲೋನ್ ಮಾಡಿದ ದನ, ಹಂದಿ, ಆಡುಗಳ ಹಾಗೂ ಅವುಗಳ ಮರಿಗಳ ಮಾಂಸ, ಹಾಲು ಮಾಮೂಲಿ ಪ್ರಾಣಿಗಳದ್ದರಷ್ಟೇ ಸುರಕ್ಷಿತ ಎಂದು ಹೇಳಿತು. ಪ್ಯಾಕೆಟ್ಟಿನ ಮೇಲೆ ಗುರುತು ಹಾಕಬೇಕಾಗಿಲ್ಲ ಎಂದಿತು. ತಮಾಷೆಯೆಂದರೆ ಆ ಪಟ್ಟಿಯಲ್ಲಿ ಕುರಿ ಇಲ್ಲ. ವಯಸ್ಕ ಪ್ರಾಣಿಯ ಕೋಶದಿಂದ ಹುಟ್ಟಿದ ಮೊದಲ ಸಸ್ತನಿ ಕ್ಲೋನ್ ಡಾಲಿಯೇ ಕುರಿ, ಆದರೂ ಕುರಿಯ ವಿಷಯದಲ್ಲಿ ತೀರ್ಮಾನಿಸಲು ಸಾಕಷ್ಟು ಮಾಹಿತಿ ಇಲ್ಲ ಎಂದು ಬಿಟ್ಟರು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಬಾಡೂಟವೆಂದರೆ ಕುರಿಯೇ. ಕರ್ನಾಟಕದ 2020ರ ಕಾನೂನಿನ ಪ್ರಕಾರ ಹಸು, ಎತ್ತು, ಹೋರಿಗಳ ವಧೆ ನಿಷಿದ್ಧ, ಹದಿಮೂರು ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ವಿನಾಯಿತಿ. ಹೀಗಾಗಿ ನಮ್ಮಲ್ಲಿ ದನದ ಮಟ್ಟಿಗೆ ಚರ್ಚೆಯೆಲ್ಲ ಹಾಲಿನದು, ಮಾಂಸದ ಮಟ್ಟಿಗೆ ಅಮೆರಿಕದವರು ಕೈಬಿಟ್ಟ ಪ್ರಾಣಿಯದು.

ಕಾನೂನಿನ ವಿಷಯಕ್ಕೆ ಬರೋಣ. ನಮ್ಮ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರ 22ನೇ ಕಲಮಿನಲ್ಲಿ ನವೀನ ಆಹಾರ, ಕುಲಾಂತರಿ ಆಹಾರ, ವಿಕಿರಣಕ್ಕೆ ಒಡ್ಡಿದ ಆಹಾರ, ಸಾವಯವ ಆಹಾರ ಎಲ್ಲದರ ಹೆಸರೂ ಇದೆ, ಕ್ಲೋನ್ ಹೆಸರಿಲ್ಲ. ಮಾನದಂಡ ನಿಗದಿಯಾಗದ ಆಹಾರಕ್ಕೆ ಮುಂಚೆ ಅನುಮತಿ ಪಡೆಯಬೇಕು ಎಂಬ 2017ರ ನಿಯಮಗಳ ಅಡಿಯಲ್ಲಿ ಇದನ್ನು ತರಬಹುದು ಎಂಬುದು ನನ್ನ ಓದು. ಒಳ್ಳೆಯ ವಕೀಲ ಸಿಕ್ಕರೆ 'ಹಾಲು ಹಾಲೇ, ಅದಕ್ಕೆ ಮಾನದಂಡ ಈಗಾಗಲೇ ಇದೆ' ಎಂದು ವಾದಿಸಿ ಪಾರಾಗಲೂಬಹುದು.

ಯುರೋಪಿನವರು ವರ್ಷಗಟ್ಟಲೆ ಜಗ್ಗಾಡಿದ್ದೂ ಇಲ್ಲಿಯೇ. ಕ್ಲೋನ್‌ನಿಂದ ನೇರವಾಗಿ ಬಂದ ಆಹಾರಕ್ಕೆ ಅಲ್ಲಿ ನವೀನ ಆಹಾರವೆಂದು ಅನುಮತಿ ಬೇಕು. ಆದರೆ ಕ್ಲೋನ್‌ನ ಮಕ್ಕಳ, ಮೊಮ್ಮಕ್ಕಳ ಗತಿ? 2011ರಲ್ಲಿ ಈ ಪ್ರಶ್ನೆಯ ಮೇಲೆಯೇ ಮಾತುಕತೆ ಮುರಿದುಬಿತ್ತು. 2015ರಲ್ಲಿ ಯುರೋಪಿನ ಸಂಸತ್ತು ಸಂತತಿಯನ್ನೂ ಸೇರಿಸಿ ನಿಷೇಧಿಸಬೇಕೆಂದು ಮತ ಹಾಕಿತು, ಅದು ಕಾನೂನಾಗಲಿಲ್ಲ. ಅದಕ್ಕೂ ಮೊದಲು, 2010ರಲ್ಲಿ, ಅಮೆರಿಕದ ಕ್ಲೋನ್ ಹಸುವಿನ ಭ್ರೂಣಗಳಿಂದ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ಬೆಳೆದ ಹೋರಿಯ ಮಾಂಸ, ಅಧಿಕಾರಿಗಳಿಗೆ ಸುಳಿವು ಸಿಗುವ ಮೊದಲೇ ಮಾರಾಟವಾಗಿದ್ದುದು ಬಯಲಾಗಿತ್ತು.

ಸುಳಿವು ಸಿಗುವುದಾದರೂ ಹೇಗೆ? ಮಾಂಸವನ್ನೋ ಹಾಲನ್ನೋ ಯಾವ ಪ್ರಯೋಗಾಲಯಕ್ಕೆ ಕಳಿಸಿದರೂ ಇದು ಕ್ಲೋನ್‌ನದು ಎಂದು ಹೇಳಬಲ್ಲ ಪರೀಕ್ಷೆ ಇಲ್ಲ. ಹಾಲಿಗೆ ಯೂರಿಯಾ ಸೇರಿಸಿದರೆ ಹಿಡಿಯಬಹುದು, ಇದನ್ನು ಹಿಡಿಯಲಾಗದು. ಉಳಿಯುವುದು ದಾಖಲೆ ಪುಸ್ತಕ ಮಾತ್ರ. ಸಂಜೆ ಯಾವುದಾದರೂ ಹಳ್ಳಿಯ ಹಾಲಿನ ಡೇರಿಯ ಮುಂದೆ ನಿಂತು ನೋಡಿ. ಒಬ್ಬಾಕೆ ಸ್ಟೀಲ್ ಕ್ಯಾನಿನಲ್ಲಿ ಎರಡು ಲೀಟರ್ ತರುತ್ತಾಳೆ, ಹಿಂದಿನವನು ಬೈಕಿಗೆ ನೇತುಹಾಕಿಕೊಂಡು ಹತ್ತು ಲೀಟರ್ ತರುತ್ತಾನೆ. ಕಾರ್ಯದರ್ಶಿ ಒಂದು ಚಮಚದಷ್ಟು ತೆಗೆದು ಫ್ಯಾಟ್ ನೋಡುತ್ತಾನೆ, ಚೀಟಿ ಹರಿದು ಕೊಡುತ್ತಾನೆ, ಹಾಲು ಒಂದೇ ಕ್ಯಾನಿಗೆ ಬೀಳುತ್ತದೆ. ಅಲ್ಲಿಂದ ಶೀತಲೀಕರಣ ಘಟಕ, ಅಲ್ಲಿಂದ ಟ್ಯಾಂಕರ್, ಅಲ್ಲಿಂದ ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ ಜಿಲ್ಲೆಗಳ 'ರಾಬಕೊವಿ' ಹಾಲು ಒಕ್ಕೂಟದ ಡೇರಿ. ನಾಲ್ಕು ಜಿಲ್ಲೆಯ ಹಾಲು ಸೇರಿ ಹೊರಬರುವ ಪ್ಯಾಕೆಟ್ಟಿನ ಮೇಲೆ 'ಇದರಲ್ಲಿ ಕ್ಲೋನ್ ಹೋರಿಯ ಮಗಳ ಹಾಲಿಲ್ಲ' ಎಂದು ಯಾರು ಬರೆದುಕೊಡಬೇಕು? ಆದ್ದರಿಂದಲೇ ಪ್ಯಾಕೆಟ್ಟಿನ ಮೇಲೆ ಗುರುತು ಹಾಕಬೇಕು ಎನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಗ್ರಾಹಕರಿಗೆ ತಿಳಿಯುವ ಹಕ್ಕಿಲ್ಲ ಎಂದಲ್ಲ. ಪರೀಕ್ಷಿಸಲಾಗದ ಗುರುತನ್ನು ಮೊದಲು ಅಂಟಿಸುವವನು ಮೋಸಗಾರನೇ ಆಗಿರುತ್ತಾನೆ. ಗುರುತು ಬೀಳಬೇಕಾದದ್ದು ಪ್ರಾಣಿಯ ಮೇಲೆ. ದನಗಳ ಗುರುತಿಗೆ ಸರ್ಕಾರ ಹಾಕುವ ಹನ್ನೆರಡು ಅಂಕಿಯ ಹಳದಿ ಕಿವಿಯೋಲೆ ಹೇಗಿದ್ದರೂ ಇದೆ. ಕ್ಲೋನ್ ಹುಟ್ಟಿದಾಗಲೇ ಆ ದಾಖಲೆಯಲ್ಲಿ ನಮೂದಾಗಲಿ, ಅದರ ವೀರ್ಯದ ಕಡ್ಡಿಯ ಮೇಲೂ ಅಚ್ಚಾಗಲಿ.

ಈಗ ನೀವು ಕೇಳದೆ ಬಿಟ್ಟ ಪ್ರಶ್ನೆ. ಭ್ರೂಣ ಹೊರುವ ತಾಯಿಯ ಪಾಡೇನು?

ಕಾರಟಗಿ ಕಡೆಯ ಹಳ್ಳಿಯೊಂದರಲ್ಲಿ ಸಣ್ಣ ಜವಾರಿ ಆಕಳೊಂದಕ್ಕೆ ದೊಡ್ಡ ಗಾತ್ರದ ವಿದೇಶಿ ತಳಿಯಾದ ಹೋಲ್‌ಸ್ಟೀನ್ ಹೋರಿಯ, ಅಂದರೆ ಎಚ್‌ಎಫ್ ವೀರ್ಯ ಹಾಕಿಸಿದ್ದರು. ನಾನು ಹೋಗುವಷ್ಟರಲ್ಲಿ ಅದು ಮಲಗಿಬಿಟ್ಟಿತ್ತು; ಎರಡು ಗೊರಸು ಹೊರಗೆ ಕಾಣುತ್ತಿದ್ದವು, ತಲೆ ಬರುತ್ತಿರಲಿಲ್ಲ. ಸೋಪಿನ ನೀರು ಹಚ್ಚಿಕೊಂಡು ಭುಜದವರೆಗೂ ಕೈ ಹಾಕಿದರೆ, ಪ್ರತಿ ನೋವಿಗೂ ಆಕಳಿನ ಎಲುಬಿನ ನಡುವೆ ನನ್ನ ಮುಂಗೈ ನುಗ್ಗಾಗುತ್ತಿತ್ತು. ಕರುವಿನ ನಾಲಿಗೆ ಬೆರಳಿಗೆ ಸಿಕ್ಕಿತು, ಚಿವುಟಿದರೆ ಎಳೆದುಕೊಳ್ಳಲಿಲ್ಲ. ಮನೆಯ ಅಜ್ಜಿ ಆಕಳಿನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, "ಕರು ಹೋದರೆ ಹೋಗಲಿ, ಆಕಳನ್ನು ಉಳಿಸಿಕೊಡು ತಮ್ಮಾ" ಎಂದರು. ಮುಂಗಾಲುಗಳಿಗೆ ಹಗ್ಗ ಕಟ್ಟಿ, ಮೂವರು ಸೇರಿ, ಅದು ಮುಕ್ಕಿದಾಗ ಮಾತ್ರ ಎಳೆದೆವು. ಆಕಳು ಉಳಿಯಿತು.

ಗಾತ್ರ ಮೀರಿದ ಕರು ಎಂದರೆ ಇದು. ಕ್ಲೋನ್ ಗರ್ಭಗಳಲ್ಲಿ ಇಂಥದ್ದು ಮಾಮೂಲಿಗಿಂತ ಹೆಚ್ಚು. ಬೆಳೆದ ಪ್ರಾಣಿಯ ಕೋಶದಲ್ಲಿ ಜೀನುಗಳನ್ನು ಚಾಲೂ, ಬಂದ್ ಮಾಡುವ ಗುಂಡಿಗಳು ಭ್ರೂಣಕ್ಕೆ ತಕ್ಕಂತೆ ಸರಿಯಾಗಿ ಮರುಹೊಂದಾಣಿಕೆ ಆಗದಿದ್ದರೆ ಮಾಸು ಕೆಡುತ್ತದೆ, ಗರ್ಭಚೀಲದಲ್ಲಿ ನೀರು ತುಂಬುತ್ತದೆ, ಕರು ಅತಿಯಾಗಿ ಬೆಳೆಯುತ್ತದೆ, ಹುಟ್ಟಿದ ಮೇಲೂ ಉಸಿರಾಟಕ್ಕೆ ಒದ್ದಾಡುತ್ತದೆ. ಡಾಲಿಗಾಗಿ 277 ಅಂಡಾಣುಗಳನ್ನು ಬೆಸೆದು, 29 ಭ್ರೂಣಗಳನ್ನು 13 ಕುರಿಗಳಲ್ಲಿ ಇಟ್ಟು, ಕೊನೆಗೆ ಸಿಕ್ಕಿದ್ದು ಒಂದೇ ಮರಿ. ಆಮೇಲೆ ತಂತ್ರ ಸುಧಾರಿಸಿದೆ. ಆದರೂ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಕೊಟ್ಟ ಲೆಕ್ಕದಲ್ಲಿ ದನಗಳ ಯಶಸ್ಸು ನೂರಕ್ಕೆ 6ರಿಂದ 15 ಮಾತ್ರ. ಮಾಂಸ, ಹಾಲಿನಲ್ಲಿ ದೋಷ ಕಾಣದ ಆ ಪ್ರಾಧಿಕಾರವೇ ಪ್ರಾಣಿಯ ಆರೋಗ್ಯದ ವಿಷಯದಲ್ಲಿ ಮಾತ್ರ ಚಿಂತೆ ವ್ಯಕ್ತಪಡಿಸಿತು. ನನ್ನ ತಕರಾರೂ ಅದೇ. ತಿನ್ನುವವನ ಹೊಟ್ಟೆಗೆ ಏನೂ ಆಗುವುದಿಲ್ಲ, ಹೊತ್ತವಳ ಹೊಟ್ಟೆಗೆ ಆಗುತ್ತದೆ. ಪ್ರಯೋಗಾಲಯದಲ್ಲಿ ಇರುವವರೆಗೆ ಪ್ರಾಣಿ ಪ್ರಯೋಗಗಳ 1998ರ ನಿಯಮಗಳು, ನೈತಿಕ ಸಮಿತಿ ಎಲ್ಲ ಇವೆ. ನಾಳೆ ಯಾವುದಾದರೂ ಕಂಪನಿ ಇದನ್ನು ಪ್ರಯೋಗವಲ್ಲ, ಉತ್ಪಾದನೆ ಎಂದು ಕರೆದರೆ? ಅನುಮತಿ ಕೊಡುವ ಮೊದಲು ಎಷ್ಟು ಭ್ರೂಣ ಇಟ್ಟಿರಿ, ಎಷ್ಟು ಗರ್ಭ ಹೋದವು, ಎಷ್ಟು ತಾಯಂದಿರು ಸತ್ತವು ಎಂಬ ಲೆಕ್ಕವನ್ನು ಬಹಿರಂಗವಾಗಿ ಕೇಳುವ ನಿಯಮ ಈಗಲೇ ಆಗಬೇಕು.

ತಳಿ ಕಿರಿದಾಗುವ ಭಯವೂ ಸುಳ್ಳಲ್ಲ, ಆದರೆ ಅದಕ್ಕೆ ಕ್ಲೋನ್ ಬೇಕಾಗಿಯೂ ಇಲ್ಲ. 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಚೀಫ್ ಎಂಬ ಹೋಲ್‌ಸ್ಟೀನ್ ಹೋರಿಯ ವೀರ್ಯ ಲೋಕವೆಲ್ಲ ಹಬ್ಬಿತು. ಹಾಲು ಹೆಚ್ಚಿತು. ಜೊತೆಗೆ ಅದರ ಒಂದು ಕೆಟ್ಟ ಜೀನೂ ಹಬ್ಬಿ, ಐದು ಲಕ್ಷಕ್ಕೂ ಹೆಚ್ಚು ಗರ್ಭಪಾತಗಳಿಗೆ ಕಾರಣವಾಯಿತು ಎಂದು ಬಹಳ ವರ್ಷಗಳ ನಂತರ ವಿಜ್ಞಾನಿಗಳು ಲೆಕ್ಕ ಹಾಕಿದರು. ಮಾಮೂಲಿ ಕೃತಕ ಗರ್ಭಧಾರಣೆಯ ಸೂಜಿಯಿಂದಲೇ ಇಷ್ಟಾಗಿರುವಾಗ, ಅದೇ ಹೋರಿಯ ಹತ್ತು ಪ್ರತಿಗಳಿದ್ದರೆ ಏನಾಗುತ್ತಿತ್ತೋ.

ಹಾಗೆಂದು ನಾನು ಪೂರ್ತಿ ವಿರೋಧಿಯಲ್ಲ. ಎರೆಭೂಮಿಯಲ್ಲಿ ರಂಟೆ, ಕುಂಟೆ ಎಳೆಯುತ್ತಿದ್ದ ಕೃಷ್ಣಾ ಕಣಿವೆ ತಳಿಯ ಎತ್ತುಗಳು ಟ್ರ್ಯಾಕ್ಟರ್ ಬಂದ ಮೇಲೆ ಕಣ್ಣಿಗೆ ಬೀಳುವುದೇ ಅಪರೂಪ. ಅಂಥ ತಳಿಯ ಕೋಶಗಳನ್ನು ಶೀತಲದಲ್ಲಿಟ್ಟು, ಬೇಕಾದಾಗ ಒಂದೆರಡು ಹೋರಿ ಹುಟ್ಟಿಸಿಕೊಳ್ಳುವುದಾದರೆ ನನ್ನ ಒಪ್ಪಿಗೆ ಇದೆ. ಹಾಲಿನ ಇಳುವರಿಗಾಗಿ, ಮಾಂಸಕ್ಕಾಗಿ ಬೇಡ. ಕೂಕನಪಳ್ಳಿಯ ಕುರಿ ಸಂತೆಯಲ್ಲಿ ಕುರಿಗಾರರೊಬ್ಬರು ತಮ್ಮ ಕೆಂಗುರಿ ಟಗರಿನ ಬೆನ್ನ ಮೇಲೆ ಕೈಯಾಡಿಸುತ್ತಾ, "ಇಂಥದ್ದನ್ನೇ ಇನ್ನೊಂದು ಮಾಡಿಕೊಡುವ ಮಿಷನ್ ಬಂದಿದೆಯಂತಲ್ಲ ಸಾಹೇಬರೇ" ಎಂದು ಕೇಳಿದ್ದರು. ಒಂದು ಒಳ್ಳೆಯ ಟಗರನ್ನು ಮಂದೆಗೆ ಬಿಟ್ಟರೆ ಒಂದೇ ವರ್ಷದಲ್ಲಿ ಅದರ ರಕ್ತದ ಹತ್ತಾರು ಮರಿಗಳು ಸಿಗುತ್ತವೆ. "ಟಗರನ್ನು ಮಾರಬೇಡಿ ಯಜಮಾನರೇ" ಎಂದೆ. ಅವರು ಬೆಲೆ ಕುದುರಿಸಿ ಮಾರಿಯೇ ಮನೆಗೆ ಹೋದರು.

ನಿಮ್ಮಲ್ಲಿ ಎಮ್ಮೆ ಇದ್ದು, 'ಕ್ಲೋನ್ ಕೋಣದ ವೀರ್ಯ' ಎಂದು ಯಾರಾದರೂ ಹೆಚ್ಚು ಹಣ ಕೇಳಿದರೆ, ಕಡ್ಡಿಯನ್ನು ಕೈಗೆ ತೆಗೆದುಕೊಂಡು ನೋಡಿ. ವೀರ್ಯ ಕೇಂದ್ರದ ಗುರುತು, ತಳಿ, ಕೋಣದ ಸಂಖ್ಯೆ, ತಯಾರಾದ ದಿನಾಂಕ ಅದರ ಮೇಲೆಯೇ ಅಚ್ಚಾಗಿರಬೇಕು. ಆ ಸಂಖ್ಯೆಯ ಕೋಣದ ತಾಯಿ ಎಷ್ಟು ಹಾಲು ಕೊಟ್ಟಿತ್ತು ಎಂಬ ದಾಖಲೆ ಕೇಳಿ. ತೋರಿಸದಿದ್ದರೆ ಬಂದ ದಾರಿಯಲ್ಲೇ ಕಳಿಸಿ, ಹತ್ತಿರದ ಪಶು ಆಸ್ಪತ್ರೆಯಲ್ಲಿ ಸಿಗುವ ಮುರ್ರಾ ಕಡ್ಡಿಯನ್ನೇ ಹಾಕಿಸಿ.