ಎರಡೂ ಎರೆ ಹೊಲವೇ, ಒಂದಕ್ಕೆ ಮಾತ್ರ ಯಾಕೆ ಬರ?

ಓದುಗರ ಪ್ರಶ್ನೆ: ಈ ತಿಂಗಳು ಮಣ್ಣು

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ಗೋಳು: 'ಮಣ್ಣು ಪರೀಕ್ಷೆ ಮಾಡಿಸಿದ್ದೇನೆ, ಆದರೂ ನನ್ನ ಮಣ್ಣು ನನಗೆ ಅರ್ಥ ಆಗಿಲ್ಲ.' ಗೊಬ್ಬರದ ಪ್ರಶ್ನೆಗಳನ್ನೆಲ್ಲ ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ. ಮಣ್ಣಿನ ಗುರುತು ಹಿಡಿಯುವುದು ಹೇಗೆ ಅಂತ ಕೇಳಿದವರಿಗೆ ಮಾತ್ರ ಇಲ್ಲಿ ಉತ್ತರ.

ನಮ್ಮದು ಎರಡು ಹೊಲ, ನಡುವೆ ಒಂದು ಹಳ್ಳದ ದಾರಿ ಅಷ್ಟೇ. ಎರಡೂ ಕಪ್ಪು ಎರೆ. ಹಿಂಗಾರಿ ಜೋಳ ಕೆಳಗಿನ ಹೊಲದಲ್ಲಿ ಬಿತ್ತಿದ ಮೇಲೆ ಮಳೆ ಬಾರದಿದ್ದರೂ ತೆನೆ ಕಟ್ಟುತ್ತದೆ. ಮೇಲಿನದು ಡಿಸೆಂಬರ್ ಹೊತ್ತಿಗೆ ಸೊರಗುತ್ತದೆ. ಮಣ್ಣು ಆರೋಗ್ಯ ಚೀಟಿಯಲ್ಲಿ ಎರಡರದ್ದೂ ಲೆಕ್ಕ ಒಂದೇ. ಇದು ಹೇಗೆ? (ಸಿಂದಗಿ ತಾಲ್ಲೂಕಿನ ಓದುಗರು)

ಚೀಟಿ ಸುಳ್ಳು ಹೇಳಿಲ್ಲ. ಅದಕ್ಕೆ ನೀವು ಕೇಳಿದ್ದು ಬೇರೆ ಪ್ರಶ್ನೆ, ಅಷ್ಟೇ. ಚೀಟಿಗೆ ಮಣ್ಣು ತೆಗೆಯುವುದು ಮೇಲಿನ 15 ಸೆಂಟಿಮೀಟರ್‌ನಿಂದ. ಅದರಲ್ಲಿ ಪಿಎಚ್, ಲವಣ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಜೊತೆಗೆ ಸತು, ಬೋರಾನ್ ಥರದ ಸಣ್ಣ ಪೋಷಕಾಂಶಗಳು, ಒಟ್ಟು 12 ಬಾಬತ್ತು ಇರುತ್ತವೆ. 2015ರಲ್ಲಿ ಯೋಜನೆ ಶುರುವಾದಾಗ ಇಟ್ಟುಕೊಂಡ ನಿಯಮದ ಪ್ರಕಾರ ಮಳೆ ಆಶ್ರಿತ ಜಮೀನಿನಲ್ಲಿ 10 ಹೆಕ್ಟೇರಿಗೆ, ಅಂದರೆ ಸುಮಾರು 25 ಎಕರೆಗೆ ಒಂದು ಮಾದರಿ. ನಿಮ್ಮ ಎರಡೂ ಹೊಲಕ್ಕೆ ಒಂದೇ ಮಾದರಿಯ ಲೆಕ್ಕ ಬಂದಿದ್ದರೂ ಬಂದಿರಬಹುದು, ಚೀಟಿಯಲ್ಲಿ ಮಾದರಿ ಸಂಖ್ಯೆ ಒಮ್ಮೆ ನೋಡಿ.

ನಿಮ್ಮ ಜೋಳ ಜನವರಿಯಲ್ಲಿ ಬದುಕಿರುವುದು ಈ 15 ಸೆಂಟಿಮೀಟರಿನ ಮೇಲಲ್ಲ. ಅದರ ಕೆಳಗೆ ಏನಿದೆ ಅನ್ನೋದರ ಮೇಲೆ. ಅದನ್ನು ನೋಡುವ ಕೆಲಸಕ್ಕೇ ಮಣ್ಣು ಸಮೀಕ್ಷೆ ಅನ್ನುತ್ತಾರೆ. ಸಮೀಕ್ಷೆಯವರು ಮೊದಲು ಹೊಲಕ್ಕೆ ಬರುವುದೇ ಇಲ್ಲ, ನಕ್ಷೆ ಹಿಡಿದು ಕೂರುತ್ತಾರೆ. ದಿನ್ನೆ ಎಲ್ಲಿ, ಇಳಿಜಾರು ಎಲ್ಲಿ, ಹಳ್ಳ ಯಾವ ಕಡೆ ಹರಿಯುತ್ತದೆ, ಕೆಳಗಿನ ಬಂಡೆ ಯಾವುದು ಅಂತ ನೋಡಿಕೊಳ್ಳುತ್ತಾರೆ. ಆಮೇಲೆ ದಿನ್ನೆಯ ತಲೆಯಿಂದ ಹಳ್ಳದ ತನಕ ಒಂದು ಸಾಲು ಹಿಡಿದು, ನೆಲದ ಚಹರೆ ಬದಲಾದಲ್ಲೆಲ್ಲ ಗುಂಡಿ ತೋಡಿಸುತ್ತಾರೆ. ಗುಂಡಿಯ ಆಳ ಒಂದೂವರೆಯಿಂದ ಎರಡು ಮೀಟರ್, ಅಥವಾ ಬಂಡೆ ಸಿಗುವ ತನಕ.

ನಿಮ್ಮ ಸೀಮೆಯ ಬಂಡೆ ಬಸಾಲ್ಟ್, ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ. ಆ ಬಂಡೆ ಕರಗಿ ಆದ ಜೇಡಿ ಸಾವಿರಾರು ವರ್ಷಗಳಿಂದ ಮಳೆನೀರಿನ ಜೊತೆ ಮೇಲಿನಿಂದ ಜಾರಿ ಕೆಳಗೆ ಕೂತಿದೆ. ಹಾಗಾಗಿ ದಿನ್ನೆಯ ಮೇಲೆ ಮಡ್ಡಿ (ಗರಸಿನ ತೆಳು ಮಣ್ಣು), ಇಳಿಜಾರಿನಲ್ಲಿ ಸಾಧಾರಣ ಆಳದ ಕಪ್ಪು, ತಗ್ಗಿನಲ್ಲಿ ಆಳದ ಎರೆ. ಮೂರಕ್ಕೂ ಮಳೆ ಒಂದೇ, ಬಂಡೆ ಒಂದೇ. ಬೇರೆ ಆಗಿರೋದು ಕೂತಿರುವ ಜಾಗ.

ಕೆಳಗಿನ ಹೊಲದಲ್ಲಿ ಗುಂಡಿ ತೋಡಿಸಿ ಅದರ ಗೋಡೆಯನ್ನು ಚಾಕುವಿನಿಂದ ಕೆರೆದು ನೋಡಿ. ಮೇಲಿನ ಗೇಣುದ್ದ ಪುಡಿಪುಡಿ, ಕುಂಟೆ ಹೊಡೆದ ಪದರ. ಅದರ ಕೆಳಗೆ ಹೆಂಟೆ ಚೂಪು ಮೂಲೆಯದ್ದಾಗುತ್ತದೆ, ಕೈಯಲ್ಲಿ ಮುರಿಯೋದು ಕಷ್ಟ. ಇನ್ನೂ ಕೆಳಗೆ ಹೋದರೆ ಹೆಂಟೆಯ ಮೈ ಮಿರಮಿರ ಹೊಳೆಯುತ್ತದೆ, ಓರೆಯಾಗಿ ಗೀರು ಬಿದ್ದಿರುತ್ತದೆ. ಒದ್ದೆಯಾದಾಗ ಉಬ್ಬಿ, ಒಣಗಿದಾಗ ಕುಗ್ಗಿ, ಒಂದರ ಮೈ ಒಂದು ಉಜ್ಜಿಕೊಂಡ ಗುರುತು ಅದು. ಸಮೀಕ್ಷೆಯವರು ಸ್ಲಿಕನ್‌ಸೈಡ್ ಅನ್ನುತ್ತಾರೆ. ಬೇರು ಈ ಹೆಂಟೆಗಳ ನಡುವೆ ಚಪ್ಪಟೆಯಾಗಿ ಒತ್ತಿಕೊಂಡು ಇಳಿದಿರುತ್ತದೆ. ಅಲ್ಲಲ್ಲಿ ಬಿಳಿ ಸುಣ್ಣದ ಹರಳು. ಅದರ ಮೇಲೆ ತೆಳು ಹೈಡ್ರೋಕ್ಲೋರಿಕ್ ಆಮ್ಲ ಒಂದು ಹನಿ ಬಿಟ್ಟರೆ ಬುಸ್ ಅಂತ ನೊರೆ ಏಳುತ್ತದೆ. ಬಣ್ಣವನ್ನು ಕಣ್ಣಂದಾಜಿನಲ್ಲಿ ಬರೆಯುವುದಿಲ್ಲ, ಮನ್ಸೆಲ್ ಬಣ್ಣದ ಪುಸ್ತಕದ ಚೌಕದ ಪಕ್ಕ ಮಣ್ಣು ಹಿಡಿದು ಅದರ ಸಂಖ್ಯೆ ಬರೆದುಕೊಳ್ಳುತ್ತಾರೆ. 50 ಸೆಂ.ಮೀ. ತನಕ ಜೇಡಿ 30%ಗಿಂತ ಕಡಿಮೆ ಇಲ್ಲ, ಒಂದು ಮೀಟರಿನೊಳಗೆ ಕನಿಷ್ಠ 25 ಸೆಂ.ಮೀ. ದಪ್ಪಕ್ಕೆ ಆ ಹೊಳಪು ಮೈ ಇದೆ, ಬಿರುಕು ಬಿಟ್ಟು ಮುಚ್ಚುತ್ತದೆ ಅಂತಾದರೆ ಸಮೀಕ್ಷೆಯವರ ವರ್ಗೀಕರಣದಲ್ಲಿ ಆ ಮಣ್ಣಿನ ಹೆಸರು ವರ್ಟಿಸಾಲ್.

ಮೇಲಿನ ಹೊಲದಲ್ಲೂ ತೋಡಿ. ಬಹುಶಃ ಎರಡು ಗೇಣು ಇಳಿಯುವುದರೊಳಗೆ ಗುದ್ದಲಿ ಖಣ್ ಅನ್ನುತ್ತದೆ. ಗರಸು, ಅದರ ಕೆಳಗೆ ಕೊಳೆತ ಕಲ್ಲು. ಬಣ್ಣ ಅದೇ ಕಪ್ಪು. ಹೆಸರು ಮಾತ್ರ ವರ್ಟಿಸಾಲ್ ಅಲ್ಲ, ಇನ್ನೂ ಎಳೆಯ ಮಣ್ಣಿನ ಗುಂಪಿಗೆ ಹೋಗುತ್ತದೆ.

ಈಗ ನೀರಿನ ಲೆಕ್ಕ. ಒಳ್ಳೆ ಎರೆ ಮಣ್ಣು ಒಂದು ಮೀಟರ್ ಆಳದಲ್ಲಿ ಬೆಳೆಗೆ ಸಿಗುವಂಥ ನೀರನ್ನು 150ರಿಂದ 200 ಮಿ.ಮೀ. ಹಿಡಿಯುತ್ತದೆ. ನಡುವಿನ 180 ಅಂತ ಇಟ್ಟುಕೊಳ್ಳಿ. 120 ಸೆಂ.ಮೀ. ಆಳದ ಹೊಲದಲ್ಲಿ 216 ಮಿ.ಮೀ., 40 ಸೆಂ.ಮೀ. ಹೊಲದಲ್ಲಿ 72. ಗರಸು ಜಾಸ್ತಿ ಇದ್ದರೆ ಅದೂ ಇಲ್ಲ. ಅಕ್ಟೋಬರ್ ಆದಮೇಲೆ ಮಳೆ ನಂಬಿ ಕೂರುವ ಹಾಗಿಲ್ಲವಲ್ಲ, ಬ್ಯಾಂಕಿನಲ್ಲಿ ಇಟ್ಟಷ್ಟೇ ದುಡ್ಡು. ಮೇಲಿನ ಹೊಲಕ್ಕೆ ಹಿಂಗಾರಿ ಜೋಳದ ಹಟ ಬಿಟ್ಟು, ಮುಂಗಾರಿಯಲ್ಲೇ ಹೆಸರು, ಸಜ್ಜೆ ಥರದ ಬೇಗ ಮುಗಿಯುವ ಬೆಳೆ ಹಾಕುವುದು ಲೇಸು ಅಂತ ನನ್ನ ಅನಿಸಿಕೆ. ಗೊಬ್ಬರ ಎರಡು ಚೀಲ ಜಾಸ್ತಿ ಸುರಿದರೆ ಮಣ್ಣಿನ ಆಳ ಬೆಳೆಯುವುದಿಲ್ಲ.

ಗುಂಡಿ ತೋಡುವ ಖರ್ಚು ಯಾಕೆ ಅನ್ನಿಸಿದರೆ ಅಕ್ಕಪಕ್ಕದಲ್ಲಿ ಯಾರಾದರೂ ಕೃಷಿಹೊಂಡ ತೋಡಿಸುವಾಗ, ಪ್ಲಾಸ್ಟಿಕ್ ಹಾಸುವ ಮುಂಚೆ ಹೋಗಿ ಅದರ ಗೋಡೆ ನೋಡಿ ಬನ್ನಿ. ನೀವೇ ತೋಡಿದರೂ ಮಳೆ ಬಿದ್ದ ಮರುದಿನ ಆಳದ ಗುಂಡಿಗೆ ಇಳಿಯಬೇಡಿ, ಎರೆ ಮಣ್ಣಿನ ಗೋಡೆ ಹೇಳದೇ ಕೇಳದೇ ಕುಸಿಯುತ್ತದೆ.

ಬಿಎಸ್ಸಿ ಕೃಷಿ ಓದುತ್ತಿದ್ದೇನೆ. ಮಣ್ಣಿನ ಹೆಸರಿನಲ್ಲಿ 'ಐಸೋಹೈಪರ್‌ಥರ್ಮಿಕ್' ಅಂತೆಲ್ಲ ಬರುತ್ತದೆ. ಮಣ್ಣಿನ ಹೆಸರಿಗೂ ಹವೆಗೂ ಏನು ಸಂಬಂಧ? ಸುಮ್ನೆ ಬಾಯಿಪಾಠ ಮಾಡಿಸುತ್ತಾರೆ. (ಧಾರವಾಡ)

ಬಾಯಿಪಾಠದ ಸಿಟ್ಟು ಅರ್ಥವಾಗುತ್ತದೆ. ಆ ಪದದ ಒಳಗೆ ಇರುವುದು ಬರೀ ಎರಡು ಅಳತೆ. ನೆಲದಿಂದ 50 ಸೆಂ.ಮೀ. ಕೆಳಗೆ ಮಣ್ಣಿನ ಉಷ್ಣತೆ ವರ್ಷದ ಸರಾಸರಿಯಲ್ಲಿ 22 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಇರಬೇಕು, ಬೇಸಿಗೆಗೂ ಚಳಿಗಾಲಕ್ಕೂ ನಡುವಿನ ವ್ಯತ್ಯಾಸ 6 ಡಿಗ್ರಿಗಿಂತ ಕಡಿಮೆ ಇರಬೇಕು. ನಮ್ಮ ಬಯಲುಸೀಮೆ ಹಾಗೇ ಇದೆ. ಇದೇ ಕಪ್ಪು ಮಣ್ಣು ಹಿಡಿದು ನಾಗಪುರಕ್ಕೆ ಹೋದರೆ ಚಳಿಗಾಲ ಜೋರು, ವ್ಯತ್ಯಾಸ ಹೆಚ್ಚು, ಹೆಸರಿನಿಂದ 'ಐಸೋ' ಉದುರಿ ಬರೀ ಹೈಪರ್‌ಥರ್ಮಿಕ್ ಉಳಿಯುತ್ತದೆ.

ಅದಕ್ಕಿಂತ ಮುಖ್ಯ ತೇವದ ಲೆಕ್ಕ. 'ಹ್ಯಾಪ್ಲಸ್ಟರ್ಟ್' ಅಂತ ಓದಿದ್ದೀರಲ್ವಾ, ಅದು ವರ್ಟಿಸಾಲ್‌ನದ್ದೇ ಒಂದು ಒಳಗುಂಪು, ಅದರೊಳಗೆ 'ಉಸ್ಟಿಕ್' ಕೂತಿದೆ. ವರ್ಷದಲ್ಲಿ ಬಿಡಿಬಿಡಿಯಾಗಿ ಕೂಡಿಸಿ 90 ದಿನವಾದರೂ ಮಣ್ಣು ಒಣಗುತ್ತದೆ, ಆದರೆ ಬೆಳೆ ಬರುವ ಕಾಲದಲ್ಲಿ ಹದ ಇರುತ್ತದೆ ಅಂತ ಅರ್ಥ. ಒಣ ಬೇಸಾಯದ ಪೂರ್ತಿ ಕಥೆ ಆ ಒಂದು ಉಚ್ಚಾರದಲ್ಲಿ ಇದೆ.

ಹವೆ ಮಣ್ಣನ್ನು ಮಾಡುತ್ತದೆ ಕೂಡ. ಬೆಂಗಳೂರು, ಮೈಸೂರು ಕಡೆಯದ್ದು ನೈಸ್ ಅನ್ನುವ ಪಟ್ಟೆಪಟ್ಟೆ ಬಂಡೆ. ಕರಾವಳಿಯಲ್ಲೂ ಅದೇ ಜಾತಿಯ ಬಂಡೆ. ಇಲ್ಲಿ 800–900 ಮಿ.ಮೀ. ಮಳೆಗೆ ಕೆಂಪು ಮಣ್ಣಾಯಿತು. ಅಲ್ಲಿ 3,000 ಮಿ.ಮೀ. ದಾಟಿದ ಮಳೆ ಸುಣ್ಣ, ಪೊಟ್ಯಾಷ್, ಸಿಲಿಕಾ ಎಲ್ಲವನ್ನೂ ತೊಳೆದುಕೊಂಡು ಹೋಗಿ ಕಬ್ಬಿಣ, ಅಲ್ಯೂಮಿನಿಯಂ ಉಳಿಸಿ ಜಂಬಿಟ್ಟಿಗೆ ಕಲ್ಲು ಮಾಡಿತು. ಹಾಗಂತ ಎಲ್ಲದಕ್ಕೂ ಮಳೆಯನ್ನೇ ಹಿಡಿಯಬೇಡಿ. ಚಾಮರಾಜನಗರದ ಕಡೆ ಹೋದರೆ ಅದೇ ಮಳೆಯಲ್ಲಿ ಏರಿಗೆ ಕೆಂಪು, ತಗ್ಗಿಗೆ ಕಪ್ಪು ಸಿಗುತ್ತದೆ. ಹವೆ, ಜೀವಿಗಳು, ನೆಲದ ಏರಿಳಿತ, ಮೂಲ ಬಂಡೆ, ಕಾಲ ಅಂತ ಐದು ಕಾರಣಗಳನ್ನು ಹಾನ್ಸ್ ಜೆನ್ನಿ 1941ರಲ್ಲಿ ಸೂತ್ರದ ರೂಪದಲ್ಲಿ ಬರೆದಿಟ್ಟರು, ಅದಕ್ಕೂ ಮುಂಚೆ ರಷ್ಯಾದ ದೊಕುಚಾಯೆವ್ ಇದೇ ದಾರಿ ಹಿಡಿದಿದ್ದರು. ಪರೀಕ್ಷೆಗೆ ಈ ಐದನ್ನೂ ಉರು ಹೊಡೆಯುವ ಬದಲು ಧಾರವಾಡದಿಂದ ಪಶ್ಚಿಮಕ್ಕೆ ಹಳಿಯಾಳ, ದಾಂಡೇಲಿ, ಪೂರ್ವಕ್ಕೆ ಅಣ್ಣಿಗೇರಿ, ಗದಗ, ಬಸ್ಸಿನ ಕಿಟಕಿ ಪಕ್ಕ ಕೂತು ನೋಡುತ್ತಾ ಹೋಗಿ.

ಇನ್ನೊಂದು ಮಾತು, ಇದು ಸಿಂದಗಿಯವರಿಗೂ ಸಲ್ಲುತ್ತದೆ. ಬೆಳೆ ಅವಧಿ ಲೆಕ್ಕ ಹಾಕುವಾಗ ಮಳೆ ಯಾವಾಗ ನೆಲ, ಬೆಳೆಯಿಂದ ಆವಿಯಾಗಬಲ್ಲ ನೀರಿನ ಅರ್ಧವನ್ನು ದಾಟುತ್ತದೋ ಆಗ ಶುರು, ಅರ್ಧಕ್ಕಿಂತ ಇಳಿದ ಮೇಲೆ ಮಣ್ಣಿನಲ್ಲಿ ಉಳಿದ ನೀರು ಮುಗಿಯುವ ತನಕ ಅವಧಿ. ಆ ಉಳಿದ ನೀರಿಗೆ ರೂಢಿಯಲ್ಲಿ 100 ಮಿ.ಮೀ. ಅಂತ ಕಣ್ಣು ಮುಚ್ಚಿ ಹಾಕುತ್ತಾರೆ. ಮಡ್ಡಿಗೂ 100, ಎರೆಗೂ 100. ತಾಲ್ಲೂಕಿಗೊಂದು ಸಂಖ್ಯೆ ಬೇಕಾದರೆ ನಡೆಯುತ್ತದೆ. ಹೊಲಕ್ಕೆ ಬೇಕಾದರೆ ಗುಂಡಿಯ ಲೆಕ್ಕವನ್ನೇ ಅಲ್ಲಿ ಕೂಡಿಸಬೇಕು. ಮಳೆಯ ಅಂಕಿಯನ್ನೂ ಹೋದ ವರ್ಷದ್ದು ಒಂದೇ ನೋಡಬೇಡಿ, 30 ವರ್ಷದ್ದು ಸಿಕ್ಕಿದರೆ ಒಳ್ಳೆಯದು.

ಸುಜಲಾ ಜಲಾನಯನ ಯೋಜನೆಯ ನಕ್ಷೆಯಲ್ಲಿ ನಮ್ಮ ಸರ್ವೆ ನಂಬರಿನ ಮೇಲೆ ಮೂರು ಅಕ್ಷರ, ಆಮೇಲೆ 'ಎಂಬಿ2ಜಿ1' ಅಂತ ಇದೆ. ಯಾರನ್ನು ಕೇಳಿದರೂ ನಗುತ್ತಾರೆ. (ಕೊಪ್ಪಳ)

ನಗುವಂಥದ್ದು ಏನಿಲ್ಲ. ಮೊದಲ ಮೂರು ಅಕ್ಷರ ಮಣ್ಣಿನ ಸರಣಿಯ, ಅಂದರೆ ಒಂದೇ ಥರದ ಪದರಗಳಿರುವ ಮಣ್ಣಿನ ಗುಂಪಿನ, ಚಿಕ್ಕ ಹೆಸರು. ಎಂ ಅಂದರೆ ಮೇಲ್ಮಣ್ಣು ಜೇಡಿ. ಬಿ ಅಂದರೆ ಇಳಿಜಾರು 1ರಿಂದ 3%. 2 ಅಂದರೆ ಕೊಚ್ಚಣೆ ಸಾಧಾರಣ ಮಟ್ಟದ್ದು. ಜಿ1 ಅಂದರೆ ಗರಸು ಕಲ್ಲು 15ರಿಂದ 35%. ಅಂದರೆ ನಿಮ್ಮ ಹೊಲಕ್ಕೆ ಬದು ಬೇಕು ಅಂತ ನಕ್ಷೆಯೇ ಹೇಳುತ್ತಿದೆ.

ಆ ನಕ್ಷೆಯನ್ನು ಜೋಪಾನ ಮಾಡಿ. ಅದರ ಅಳತೆ 1:7,920, ಹಳೇ ಗ್ರಾಮ ನಕ್ಷೆಯ ಅಳತೆಯೇ, ಮೈಲಿಗೆ ಎಂಟು ಇಂಚು. ಕಾಗದದ ಒಂದು ಸೆಂ.ಮೀ. ನೆಲದಲ್ಲಿ 79 ಮೀಟರ್. ಇಡೀ ರಾಜ್ಯದ ಹಳೆಯ ಮಣ್ಣು ನಕ್ಷೆ 1:2,50,000ದ್ದು, ಅಲ್ಲಿ ಒಂದು ಚದರ ಸೆಂ.ಮೀ. ಅಂದರೆ 625 ಹೆಕ್ಟೇರ್. ಒಂದೂವರೆ ಸಾವಿರ ಎಕರೆಯಲ್ಲಿ ನಿಮ್ಮ ನಾಲ್ಕು ಎಕರೆಯನ್ನು ಎಲ್ಲಿ ಹುಡುಕುತ್ತೀರಿ?

ಮೊಬೈಲ್ ಆ್ಯಪ್‌ನಲ್ಲಿ ಹೊಲದ ಮೇಲೆ ಬೆರಳಿಟ್ಟರೆ ಜೇಡಿ ಎಷ್ಟು, ಪಿಎಚ್ ಎಷ್ಟು ಅಂತ ತೋರಿಸುತ್ತದೆ. ನಂಬಬಹುದಾ? (ಹಾಸನ)

ದಿಕ್ಕು ನೋಡುವುದಕ್ಕೆ ನಂಬಿ, ಬಿತ್ತುವುದಕ್ಕೆ ಬೇಡ. ಇಂಥ ಆ್ಯಪ್‌ಗಳು ಬಳಸುವ ಜಾಗತಿಕ ನಕ್ಷೆ ಸಾಯಿಲ್‌ಗ್ರಿಡ್ಸ್‌ನಲ್ಲಿ ಒಂದು ಚೌಕ 250 ಮೀಟರ್ ಅಗಲ, ಅಂದರೆ 15 ಎಕರೆಗೆ ಒಂದು ಸಂಖ್ಯೆ. ಅದೂ ದೂರ ದೂರದ ಗುಂಡಿಗಳ ಲೆಕ್ಕದ ಮೇಲೆ, ಹವೆ ಮತ್ತು ಏರಿಳಿತದ ಅಂಕಿ ಸೇರಿಸಿ ಕಂಪ್ಯೂಟರ್ ಮಾಡಿದ ಅಂದಾಜು. ಇಳಿಜಾರಿನ ವಿಷಯದಲ್ಲಿ ಉಪಗ್ರಹ ಪರವಾಗಿಲ್ಲ, 30 ಮೀಟರಿನ ಚೌಕದಲ್ಲಿ ಎಕರೆಗೆ ನಾಲ್ಕೂವರೆ ಅಂಕಿ ಸಿಗುತ್ತದೆ. ಫೆಬ್ರವರಿಯಿಂದ ಏಪ್ರಿಲ್ ತನಕ ಹೊಲ ಬೋಳಾಗಿದ್ದಾಗ ತೆಗೆದ ಚಿತ್ರದಲ್ಲಿ ಕೆಂಪು ಕಪ್ಪಿನ ಗಡಿ ಚೆನ್ನಾಗಿಯೇ ಕಾಣುತ್ತದೆ. ಆಳ ಮಾತ್ರ ಆಕಾಶದಿಂದ ಕಾಣುವುದಿಲ್ಲ.

ಕಾಲುವೆ ನೀರು ಬಂದಾಗಿನಿಂದ ಭತ್ತ. ಈಗ ಹೊಲದ ತಗ್ಗಿನ ಮೂಲೆಯಲ್ಲಿ ಬೇಸಿಗೆಗೆ ಬೆಳ್ಳಗೆ ಪುಡಿ ಏಳುತ್ತಿದೆ. ಜಿಪ್ಸಂ ಹಾಕು ಅಂತಾರೆ. (ಸಿಂಧನೂರು)

ಹಾಕುವ ಮುಂಚೆ ಯಾವ ರೋಗ ಅಂತ ನೋಡಿ. ಬಿಳಿ ಪುಡಿ ಎದ್ದರೆ ಸಾಮಾನ್ಯವಾಗಿ ಅದು ಲವಣದ ಸವಳು, ವಿದ್ಯುತ್ ವಾಹಕತೆ (ಲವಣ ಎಷ್ಟಿದೆ ಅನ್ನುವ ಅಳತೆ) ಮೀಟರಿಗೆ 4 ಡೆಸಿಸೀಮನ್ಸ್ ದಾಟಿರುತ್ತದೆ. ಅದಕ್ಕೆ ಬೇಕಾದ್ದು ಬಸಿಗಾಲುವೆ, ಒಳ್ಳೆ ನೀರಿನಲ್ಲಿ ತೊಳೆತ. ಜಿಪ್ಸಂ ಕೆಲಸ ಮಾಡುವುದು ಸೋಡಿಯಂ ಹಿಡಿದ ಮಣ್ಣಿಗೆ: ಪಿಎಚ್ 8.5ರ ಮೇಲೆ, ವಿನಿಮಯ ಸೋಡಿಯಂ (ಜೇಡಿಯ ಕಣಕ್ಕೆ ಅಂಟಿಕೊಂಡ ಸೋಡಿಯಂ ಪಾಲು) 15%ಗಿಂತ ಜಾಸ್ತಿ, ನೀರು ಇಂಗದೆ ಕೆಸರಾಗಿ ನಿಲ್ಲುತ್ತದೆ, ಒಣಗಿದರೆ ಕಲ್ಲು. ಕೆಲವು ಕಡೆ ಎರಡೂ ಕೂಡಿರುತ್ತವೆ. ಆ ಮೂಲೆಯಲ್ಲಿ 30 ಸೆಂ.ಮೀ.ಗೆ ಒಂದರಂತೆ 90 ಸೆಂ.ಮೀ. ತನಕ ಮೂರು ಮಾದರಿ, ಏರಿನಲ್ಲೂ ಹಾಗೇ ಮೂರು, ಬೇರೆ ಬೇರೆ ಚೀಲದಲ್ಲಿ ತೆಗೆಯಿರಿ. ಎಲ್ಲ ಕಲಸಿ ಒಂದು ಮಾಡಬೇಡಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಸವಳು ಜವಳಿನ ಮೇಲೆ ಬಹಳ ಕೆಲಸ ಮಾಡಿದೆ, ನಿಮಗೆ ಹತ್ತಿರವೂ ಆಯಿತು. ನೀರು ಮೇಲಿನ ಹೊಲದವರ ಭತ್ತದಿಂದಲೂ ಜಿನುಗಿ ಬರುತ್ತಿರಬಹುದು. ಹಾಗಿದ್ದರೆ ನೀವೊಬ್ಬರೇ ಬಸಿಗಾಲುವೆ ತೋಡಿದರೆ ಸಾಲದು, ಅವರನ್ನೂ ಕೂರಿಸಿ ಮಾತಾಡಬೇಕಾಗುತ್ತದೆ.

ಬೆಂಗಳೂರಿನ ಕೃಷಿ ವಿವಿಯ ಪ್ರಬಂಧಗಳಲ್ಲಿ 'ವಿಜಯಪುರ ಸರಣಿಯ ಕೆಂಪು ಮಣ್ಣು' ಅಂತಿದೆ. ವಿಜಯಪುರದಲ್ಲಿ ಕೆಂಪು ಮಣ್ಣು ಎಲ್ಲಿಂದ ಬಂತು? (ಇಂಡಿ)

ನಿಮ್ಮ ವಿಜಯಪುರ ಅಲ್ಲ, ದೇವನಹಳ್ಳಿ ತಾಲ್ಲೂಕಿನ ವಿಜಯಪುರ. ಸರಣಿಗೆ ಹೆಸರು ಇಡುವುದು ಹತ್ತಿರದ ಊರಿನ ಮೇಲೆ, ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು ಹೆಸರಿನಲ್ಲೂ ಒಂದು ಇದೆ. ಆ ಹೆಸರು ಇಟ್ಟ ಕಾಲದಲ್ಲಿ ನಿಮ್ಮ ಜಿಲ್ಲೆ ಕಾಗದದ ಮೇಲೆ ಇನ್ನೂ ಬಿಜಾಪುರವಾಗಿತ್ತು, ಹಾಗಾಗಿ ಯಾರಿಗೂ ಗೊಂದಲ ಆಗಿರಲಿಲ್ಲ.