ಕೆನ್ನೆ ನೋವಿನ ಮಾತ್ರೆಗೆ ನಡಿಗೆ ಓಲಾಡುತ್ತದೆ, ಬಿಡಲಾ?

ಪ್ರಶ್ನೆ: ಡಾಕ್ಟರೇ, ನನಗೆ 43 ವರ್ಷ. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ. ಕಾಲಿನ ಬಿಗಿತಕ್ಕೆ ಬಾಕ್ಲೋಫೆನ್ ತೆಗೆದುಕೊಳ್ಳುತ್ತೇನೆ. ಈ ಮಳೆಗಾಲದಿಂದ ಬಲಗೆನ್ನೆಗೆ ಕರೆಂಟ್ ಹೊಡೆದ ಹಾಗೆ ನೋವು. ಹಲ್ಲು ಕೀಳಿಸಿದರೂ ಹೋಗಲಿಲ್ಲ. ಈಗ ಕಾರ್ಬಮಜೆಪೈನ್ 200 ಮಿ.ಗ್ರಾಂ. ದಿನಕ್ಕೆರಡು. ನೋವು ಇಳಿದಿದೆ. ಆದರೆ ಕಾಫಿ ತೋಟದ ಇಳಿಜಾರಿನಲ್ಲಿ ಕಾಲು ನಿಲ್ಲುವುದಿಲ್ಲ. ಕಾಯಿಲೆ ಜಾಸ್ತಿಯಾಯಿತಾ?
– ಓದುಗರು, ವಿರಾಜಪೇಟೆ

ಉತ್ತರ: ಗಾಬರಿಯಾಗಬೇಡಿ ಅಮ್ಮಾ. ಮಾತ್ರೆ ಮಾತ್ರ ತಟಕ್ಕನೆ ನಿಲ್ಲಿಸಬೇಡಿ.

ಎಂಎಸ್‌ನಲ್ಲಿ ನರದ ಹೊದಿಕೆ ಸವೆಯುತ್ತದೆ. ಮುಖದ ಸ್ಪರ್ಶ, ನೋವು ತಿಳಿಸುವ ನರ (ಟ್ರೈಜೆಮಿನಲ್) ಮಿದುಳಿಗೆ ಸೇರುವಲ್ಲಿ ಹಾಗಾದರೆ ಹಲ್ಲುಜ್ಜಿದರೂ, ಮಡಿಕೇರಿಯ ಕುಳಿರ್ಗಾಳಿ ತಾಗಿದರೂ ನೋವು ಸಿಡಿಯುತ್ತದೆ. ಪ್ಯಾರಾಸಿಟಮಾಲ್ ಇದಕ್ಕೆ ಏನೂ ಮಾಡುವುದಿಲ್ಲ. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪೈನ್‌ಗೆ ಈ ನೋವು ಬಗ್ಗುತ್ತದೆ. ನಿಮ್ಮದೂ ಬಗ್ಗಿದೆ, ಅಲ್ವಾ?

ತೊಂದರೆ ಏನೆಂದರೆ, ಇದೇ ಮಾತ್ರೆ ತಲೆಸುತ್ತು, ತೂಕಡಿಕೆ, ತೂರಾಟ ತರುತ್ತದೆ. ಎಂಎಸ್ ಇರುವವರಿಗೆ ಇನ್ನೂ ಬೇಗ. ಜೊತೆಗೆ ಬಾಕ್ಲೋಫೆನ್ ಕೂಡ ಅದನ್ನೇ ಮಾಡುತ್ತದೆ. ಎರಡೂ ಸೇರಿದಾಗ ಕಾಯಿಲೆಯೇ ಏರಿದಂತೆ ಕಾಣುತ್ತದೆ. ಆದ್ದರಿಂದ ಡೋಸ್ ಏರಿಸಿದ ತಾರೀಖನ್ನೂ ಕಾಲು ಓಲಾಡಲು ಶುರುವಾದ ತಾರೀಖನ್ನೂ ಒಂದು ಚೀಟಿಯಲ್ಲಿ ಬರೆದು ನಿಮ್ಮ ನರರೋಗ ತಜ್ಞರಿಗೆ ಕೊಡಿ. ನನಗಂತೂ ಇಂಥ ಚೀಟಿ ಎಷ್ಟೋ ಸಲ ಸ್ಕ್ಯಾನಿಗಿಂತ ಮೊದಲೇ ದಾರಿ ತೋರಿಸಿದೆ. ರಕ್ತದಲ್ಲಿ ಸೋಡಿಯಂ ನೋಡಿಸಿ. ಈ ಮಾತ್ರೆ ಅದನ್ನು ಇಳಿಸಬಲ್ಲದು, ಆಗಲೂ ತಲೆ ತಿರುಗುತ್ತದೆ. ಜ್ವರ, ಉರಿಮೂತ್ರ ಇದ್ದರೆ ಅದನ್ನೂ ಹೇಳಿ. ಸೋಂಕಿಗೂ ಎಂಎಸ್ ಕೆರಳುತ್ತದೆ.

ಆಮೇಲೆ ಆ ತಜ್ಞರು ಡೋಸ್ ಇಳಿಸಿ 100ರಿಂದ ನಿಧಾನವಾಗಿ ಏರಿಸಬಹುದು. ನಿಧಾನಕ್ಕೆ ಬಿಡುಗಡೆಯಾಗುವ ಸಿ.ಆರ್. ಮಾತ್ರೆಗೆ ಬದಲಿಸಬಹುದು, ಅದನ್ನು ಜಗಿಯಬಾರದು, ಪುಡಿ ಮಾಡಬಾರದು. ಆಗದಿದ್ದರೆ ಆಕ್ಸ್‌ಕಾರ್ಬಜೆಪೈನ್, ಗ್ಯಾಬಪೆಂಟಿನ್, ಲ್ಯಾಮೋಟ್ರಿಜಿನ್ ಇವೆ. ಬಾಕ್ಲೋಫೆನ್ ಕೆಲವರ ಈ ನೋವಿಗೂ ನೆರವಾಗುತ್ತದೆ, ಅದನ್ನೂ ಸಟ್ಟನೆ ಬಿಡಬಾರದು. ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದರೆ ಕಾರ್ಬಮಜೆಪೈನ್ ಅದರ ಬಲ ಕುಂದಿಸುತ್ತದೆ, ನೆನಪಿರಲಿ.

ಮೈಮೇಲೆ ಗುಳ್ಳೆ, ಬಾಯಲ್ಲಿ ಹುಣ್ಣು, ಜ್ವರ ಬಂದರೆ ಮಾತ್ರ ಕಾಯಬೇಡಿ. ಮುಂದಿನ ಮಾತ್ರೆ ನುಂಗುವ ಮೊದಲೇ ಆಸ್ಪತ್ರೆಗೆ ಓಡಿ. ಅದು ಅಪಾಯದ ಅಲರ್ಜಿ.

ಸದ್ಯಕ್ಕೆ ಇಳಿಜಾರಿಗೆ ಒಬ್ಬರೇ ಹೋಗಬೇಡಿ. ಹೊರಗೆ ಹೊರಟರೆ ಕೆನ್ನೆ ಮುಚ್ಚುವಂತೆ ಮಫ್ಲರ್ ಸುತ್ತಿ. ಮಾತ್ರೆಗಳನ್ನು ಬದಲಿಸಿದರೂ ನೋವು ನಿಲ್ಲದಿದ್ದರೆ, ಕೆನ್ನೆಯಿಂದ ಸೂಜಿ ಹಾಕಿ ನರವನ್ನು ಮಂಕಾಗಿಸುವ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಕೇಳಿ. ಎಂಆರ್‌ಐ ಫಿಲಂ, ಆ ಚೀಟಿ ಎರಡನ್ನೂ ಒಯ್ಯಿರಿ.